ಪಿಕಪ್‌ನ ಇಸಿಎಂ ಬದಲಿಸುವ ಮೊದಲು ಅರ್ತ್ ನೋಡಿ

ಕೀ ತಿರುಗಿಸುತ್ತೀರಿ. ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಕೀ ಆನ್ ಮಾಡಿದ ಕೂಡಲೇ ಹತ್ತಬೇಕಿದ್ದ ಚೆಕ್ ಎಂಜಿನ್ ದೀಪ ಹತ್ತಿಲ್ಲ. ಸ್ಕ್ಯಾನರ್ ಹಾಕಿದರೆ ಬ್ರೇಕ್, ಏರ್‌ಬ್ಯಾಗ್ ಎಲ್ಲವೂ ಉತ್ತರ ಕೊಡುತ್ತವೆ, ಎಂಜಿನ್ ಕಡೆಯಿಂದ ಮಾತ್ರ ಸದ್ದಿಲ್ಲ. ಆಗ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: ‘ಇಸಿಎಂ ಹೋಗಿದೆ, ಚೇಂಜ್ ಮಾಡಿಬಿಡಿ.’

ಇಸಿಎಂ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಅದು ಹೋಗಿರಲೂಬಹುದು. ಆದರೆ ಹೋಗಿಲ್ಲದ ಇಸಿಎಂ ಬಿಚ್ಚಿ ಹೊಸದು ಹಾಕಿದ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಒಮ್ಮೆ ನಾನೇ ಆ ತಪ್ಪಿನ ಅಂಚಿಗೆ ಹೋಗಿದ್ದೆ. ಲಕ್ಷಣಗಳೆಲ್ಲ ಮೇಲೆ ಹೇಳಿದಂತೆಯೇ ಇದ್ದವು. ಫ್ಯೂಸ್ ಸರಿ, ಬ್ಯಾಟರಿ ಸರಿ. ಹೊಸ ಇಸಿಎಂ ಆರ್ಡರ್ ಮಾಡುವ ಮುಂಚೆ ಯಾಕೋ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಲೈನಿಗೆ ಮೀಟರ್ ಇಟ್ಟೆ. 5 ಇರಬೇಕಾದಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಕೀ ಆನ್ ಇಟ್ಟು ಸೆನ್ಸರ್‌ಗಳ ಕನೆಕ್ಟರ್ ಒಂದೊಂದಾಗಿ ಕಳಚುತ್ತಾ ಹೋದೆ. ಎಸಿ ಪ್ರೆಶರ್ ಸೆನ್ಸರ್ ಕಳಚಿದ ಕ್ಷಣ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು! ಆ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ ಇಡೀ ಇಸಿಎಂ ಬಾಯಿ ಮುಚ್ಚಿಸಿತ್ತು. ಅಂದಿನಿಂದ ಈ ಪರೀಕ್ಷೆ ಮಾಡದೆ ಇಸಿಎಂ ಮೇಲೆ ಕೈ ಇಟ್ಟಿಲ್ಲ.

ಹೋಗಿರುವುದು ನಿಜಾನಾ?

ಮೊದಲು ಬ್ಯಾಟರಿ. ಗಾಡಿ ಸುಮ್ನೆ ನಿಂತಿರುವಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಬ್ಯಾಟರಿಯನ್ನೇ ಮೊದಲು ಸರಿಮಾಡಿ. ವೋಲ್ಟೇಜ್ ಕುಸಿದಾಗ ಒಳ್ಳೆಯ ಇಸಿಎಂ ಕೂಡ ಹುಚ್ಚುಚ್ಚಾಗಿ ಆಡುತ್ತದೆ.

ಆಮೇಲೆ ಫ್ಯೂಸ್ ಮತ್ತು ಮೇನ್ ರಿಲೇ, ಅಂದರೆ ಇಸಿಎಂಗೆ ಕರೆಂಟ್ ಹರಿಸುವ ಸ್ವಿಚ್. ಇಸಿಎಂಗೆ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಕರೆಂಟ್ ಬರುತ್ತದೆ. ಒಂದು ಯಾವಾಗಲೂ ಇರುವುದು, ಇನ್ನೊಂದು ಕೀ ಆನ್ ಮಾಡಿದಾಗ ಬರುವುದು. ಎರಡನ್ನೂ ನೋಡಬೇಕು. ಬರೀ ಮೀಟರ್ ನಂಬಬೇಡಿ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ಕಡಿದು ಒಂದೇ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಇಸಿಎಂ ಕನೆಕ್ಟರ್ ಕಳಚಿ, ಆ ಪವರ್ ಪಿನ್‌ನಿಂದ ಒಂದು ಇಂಡಿಕೇಟರ್ ಬಲ್ಬ್ ಉರಿಸಿ ನೋಡಿ. ಪೂರ್ತಿ ಬೆಳಕಿನಲ್ಲಿ ಉರಿದರೆ ವೈರ್ ಗಟ್ಟಿ. ಮಂಕಾದರೆ ತೊಂದರೆ ಅಲ್ಲೇ ಇದೆ. ಹೀಗೆ ಬಲ್ಬ್ ಹಾಕುವುದು ಪವರ್ ಮತ್ತು ಅರ್ತ್ ಪಿನ್‌ಗಳಿಗೆ ಮಾತ್ರ. ಸೆನ್ಸರ್ ಸಿಗ್ನಲ್ ವೈರಿಗೆ ತಾಗಿಸಿದರೆ ನೀವೇ ಇಸಿಎಂ ಸುಟ್ಟಂತೆ. ಪಿನ್ ಬಾಯಿಗೆ ದಪ್ಪ ಮುಳ್ಳು ತುರುಕಬೇಡಿ, ಅದು ಅಗಲವಾಗಿ ಮುಂದೆ ಲೂಸ್ ಕನೆಕ್ಷನ್ ಆಗುತ್ತದೆ.

ಈಗ ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಪಿಕಪ್‌ನಲ್ಲಿ ಇದಕ್ಕೆ ಎಷ್ಟು ಒತ್ತು ಕೊಟ್ಟರೂ ಸಾಲದು. ಬಹುತೇಕ ಪಿಕಪ್‌ಗಳಲ್ಲಿ ಚಾಸಿಸ್ ಬೇರೆ, ಕ್ಯಾಬಿನ್ ಬೇರೆ. ನಡುವೆ ರಬ್ಬರ್ ಬುಷ್. ಎಂಜಿನ್ ಕೂಡ ರಬ್ಬರ್ ಮೇಲೆಯೇ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ? ಹಾಗಾಗಿ ಎಂಜಿನ್, ಕ್ಯಾಬಿನ್, ಚಾಸಿಸ್ ಮೂರನ್ನೂ ಹೆಣೆದ ಅರ್ತ್ ಪಟ್ಟಿಗಳೇ ಒಂದು ಮಾಡಬೇಕು. ಕೆಸರು, ನೀರು, ಲೋಡ್ ಹೊತ್ತು ಕುಲುಕುವ ಓಟ, ಎಲ್ಲ ಸೇರಿ ಈ ಪಟ್ಟಿಗಳನ್ನು ತಿಂದುಹಾಕುತ್ತವೆ. ಹೊರಗಿಂದ ಚೆನ್ನಾಗಿಯೇ ಕಾಣುವ ಪಟ್ಟಿ ಬೋಲ್ಟ್ ಬಿಚ್ಚಿದರೆ ಒಳಗೆ ಹಸಿರು ಪುಡಿಯಾಗಿರುತ್ತದೆ.

ಪರೀಕ್ಷೆ ಸುಲಭ. ಕನೆಕ್ಟರ್ ಹಾಕಿದಂತೆಯೇ ಇರಲಿ, ಕೀ ಆನ್ ಇರಲಿ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಇಸಿಎಂ ಅರ್ತ್ ಪಿನ್‌ನ ಹಿಂಬದಿಯಲ್ಲಿ. 0.1 ವೋಲ್ಟ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಅದಕ್ಕಿಂತ ಜಾಸ್ತಿ ಬಂದರೆ ಅರ್ತ್ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕಟ್ಟಿ.

ಇನ್ನು ಸ್ಕ್ಯಾನರ್ ಸಾಕೆಟ್. ಅದರಲ್ಲಿ 16 ಪಿನ್ ಇರುತ್ತವೆ. ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಇವು ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರ್. ಆ ಲೈನಿನ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಸಾಮಾನ್ಯವಾಗಿ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಸ್ಕ್ಯಾನರ್ ‘ಯು0100’ ಎಂದು ತೋರಿಸಿದರೆ ಇಸಿಎಂ ಮಾತು ಉಳಿದವಕ್ಕೆ ಕೇಳಿಸುತ್ತಿಲ್ಲ ಎಂದಷ್ಟೇ ಅರ್ಥ, ಸತ್ತಿದೆ ಎಂದಲ್ಲ. ‘ಪಿ0601’ ಅಥವಾ ‘ಪಿ0606’ ಬಂದು, ಪವರ್ ಮತ್ತು ಅರ್ತ್ ಎರಡೂ ಗಟ್ಟಿಯಾಗಿದ್ದರೆ ಮಾತ್ರ ಅನುಮಾನ ಇಸಿಎಂ ಒಳಗೇ ತಿರುಗುತ್ತದೆ.

ಸುಟ್ಟದ್ದು ಯಾರು?

ಇಸಿಎಂ ತಾನಾಗಿ ಸಾಯುವುದು ಕಡಿಮೆ. ಶಾರ್ಟ್ ಆದ ಇಂಜೆಕ್ಟರ್, ಇಗ್ನಿಷನ್ ಕಾಯಿಲ್ ಅಥವಾ ಸೊಲೆನಾಯ್ಡ್ ಅದರ ಒಳಗಿನ ಟ್ರಾನ್ಸಿಸ್ಟರ್ ಸುಟ್ಟಿರಬಹುದು. ಜಂಪ್ ಸ್ಟಾರ್ಟ್ ಮಾಡುವಾಗ ವೈರ್ ಉಲ್ಟಾ ಕೊಟ್ಟಿರಬಹುದು. ಲೋಡ್ ಹೇರುವ ಹಿಂಬದಿ ಡಾಲಾದ ರಿಪೇರಿಗೆ ಬ್ಯಾಟರಿ ಕಳಚದೆ ವೆಲ್ಡಿಂಗ್ ಮಾಡಿಸಿರಬಹುದು. ಆಲ್ಟರ್ನೇಟರ್ ಓವರ್ ಚಾರ್ಜ್ ಮಾಡುತ್ತಿರಬಹುದು. ನೀರು ನುಗ್ಗಿರಬಹುದು. ಕಾರಣ ಸಿಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪ್ರತಿ ಇಂಜೆಕ್ಟರ್, ಕಾಯಿಲ್‌ನ ಓಮ್ ಅಳೆದು ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ಬೇರೆ ತೋರಿಸಿದರೆ ಕಳ್ಳ ಸಿಕ್ಕ ಹಾಗೆ.

ತರುವಾಗ

ಹಳೆಯ ಇಸಿಎಂ ಮೇಲಿನ ಸ್ಟಿಕ್ಕರ್ ಫೋಟೊ ತೆಗೆದುಕೊಳ್ಳಿ. ಪಾರ್ಟ್ ನಂಬರ್ ಅಕ್ಷರ ಬಿಡದೆ ಹೊಂದಬೇಕು. ನೋಡಲು ಒಂದೇ ತರಹದ ಎರಡು ಪೆಟ್ಟಿಗೆಗಳಲ್ಲಿ ಒಂದು ಆಟೋಮ್ಯಾಟಿಕ್ ಗೇರಿನದು, ಇನ್ನೊಂದು ಮ್ಯಾನ್ಯುಯಲ್‌ನದು ಆಗಿರಬಹುದು.

ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಗುತ್ತದೆ ಎಂದು ತರುವವರು ಇದನ್ನು ಗಮನಿಸಿ. ಅದರಲ್ಲಿ ಇನ್ನೊಂದು ಗಾಡಿಯ ಚಾಸಿಸ್ ನಂಬರ್, ಇನ್ನೊಂದು ಕೀಯ ಗುರುತು ಕೂತಿರುತ್ತದೆ. ಇಮೊಬಿಲೈಸರ್ (ಸರಿಯಾದ ಕೀ ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಗಾಡಿಯಲ್ಲಿ ಸುಮ್ನೆ ಹಾಕಿದರೆ ಸ್ಟಾರ್ಟ್ ಆಗುವುದಿಲ್ಲ, ಅಥವಾ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹಳೆಯದರ ಮೆಮೊರಿಯನ್ನು ಅದಕ್ಕೆ ಕಾಪಿ ಮಾಡುವವರು ಇದ್ದಾರೆ. ಆ ಕಾರಣಕ್ಕೇ ಹಳೆಯದನ್ನು ಗುಜರಿಗೆ ಹಾಕಬೇಡಿ.

ಹಳೆಯದು ಇನ್ನೂ ಅಷ್ಟಿಷ್ಟು ಮಾತಾಡುತ್ತಿದ್ದರೆ ಬಿಚ್ಚುವ ಮೊದಲೇ ಅದರ ಮಾಹಿತಿ ಸೇವ್ ಮಾಡಿಸಿ. ಕೆಲವು ಪಿಕಪ್‌ಗಳಲ್ಲಿ ಟೈರ್ ಅಳತೆ, ಆಕ್ಸಲ್ ಅನುಪಾತ ಕೂಡ ಅದರಲ್ಲೇ ಇರುತ್ತದೆ, ತಪ್ಪಿದರೆ ಸ್ಪೀಡ್ ತಪ್ಪು ತೋರಿಸುತ್ತದೆ. ಡೀಸೆಲ್ ಗಾಡಿಯಾದರೆ ಪ್ರತಿ ಇಂಜೆಕ್ಟರ್ ತಲೆಯ ಮೇಲೆ ಕೆತ್ತಿದ ಕೋಡ್ ಬರೆದಿಟ್ಟುಕೊಳ್ಳಿ. ಯಾವ ಸಿಲಿಂಡರಿನದು ಯಾವುದು ಎಂಬುದೂ ಮುಖ್ಯ.

ಬಿಚ್ಚುವುದು, ಕೂರಿಸುವುದು

ಈ ಕೆಲಸ ಅರ್ಧ ಗಂಟೆಯದು. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಹತ್ತು ಹದಿನೈದು ನಿಮಿಷ ಬಿಡಿ. ಇಸಿಎಂ ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಅಥವಾ ಹಿಂಗೋಡೆ ಮೇಲೆ ಇರಬಹುದು, ಇಲ್ಲವೇ ಕ್ಯಾಬಿನ್‌ನಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ. ಮುಟ್ಟುವ ಮೊದಲು ಬರೀ ಲೋಹದ ಭಾಗಕ್ಕೆ ಕೈ ತಾಗಿಸಿ, ಮೈಯ ಸ್ಟ್ಯಾಟಿಕ್ ಇಳಿಯಲಿ. ಕನೆಕ್ಟರಿನ ಲಾಕ್ ಪೂರ್ತಿ ಎತ್ತಿದರೆ ಅದು ತಾನಾಗಿ ಹೊರಬರುತ್ತದೆ. ವೈರ್ ಹಿಡಿದು ಎಳೆಯಬೇಡಿ.

ಕಳಚಿದ ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಾಗಿದ ಪಿನ್, ಹಸಿರು ಪುಡಿ, ನೀರಿನ ಗುರುತು ಇದೆಯಾ? ಕೆಲವೊಮ್ಮೆ ಎಣ್ಣೆ ಸಿಗುತ್ತದೆ. ಎಂಜಿನ್ ಸೆನ್ಸರಿನಿಂದ ವೈರಿನ ಒಳಗೊಳಗೇ ಹರಿದು ಇಲ್ಲಿವರೆಗೆ ಬಂದಿರುತ್ತದೆ. ಹಾಗಿದ್ದರೆ ಸೋರುವ ಸೆನ್ಸರನ್ನೂ ಬದಲಿಸಬೇಕು.

ಹೊಸದರ ಪಿನ್‌ಗಳನ್ನು ಬೆರಳಿಂದ ಮುಟ್ಟದೆ ಕೂರಿಸಿ. ಎಲ್ಲ ಬೋಲ್ಟ್ ಹಾಕಿ. ಹಲವು ಗಾಡಿಗಳಲ್ಲಿ ಬಿಸಿ ಹೊರಹೋಗುವುದು ಆ ಲೋಹದ ಮೈಯಿಂದಲೇ. ಕೇಬಲ್ ಟೈನಲ್ಲಿ ನೇತುಹಾಕುವ ಕೆಲಸ ಬೇಡ. ಕನೆಕ್ಟರಿನ ರಬ್ಬರ್ ಸೀಲ್ ಜಾಗದಲ್ಲಿದೆಯೇ ನೋಡಿ, ಲಾಕ್ ‘ಟಕ್’ ಎನ್ನುವವರೆಗೆ ಒತ್ತಿ. ನೆಗೆಟಿವ್ ಕೊನೆಗೆ.

ಪ್ರೋಗ್ರಾಮಿಂಗ್

ಹೊಸ ಇಸಿಎಂ ಬಹುಪಾಲು ಖಾಲಿ ಹಲಗೆ. ಗಾಡಿಯ ಸಾಫ್ಟ್‌ವೇರ್, ಚಾಸಿಸ್ ನಂಬರ್, ಕೀಗಳ ಗುರುತು ಎಲ್ಲ ತುಂಬಬೇಕು. ಸರಿಯಾದ ಟೂಲ್ ಇಲ್ಲದವರು ಈ ಹಂತವನ್ನು ಬಲ್ಲವರಿಗೇ ಬಿಡುವುದು ಒಳ್ಳೆಯದು. ಮಾಡಿಸುವಾಗಲೂ ಒಂದನ್ನು ನೋಡಿಕೊಳ್ಳಿ: ಬ್ಯಾಟರಿಗೆ ಸುಮಾರು 13.5 ವೋಲ್ಟ್ ಏರಿಳಿತವಿಲ್ಲದೆ ಕೊಡುವ ಪವರ್ ಸಪ್ಲೈ ಇರಬೇಕು. ಸಾಧಾರಣ ಚಾರ್ಜರಿನ ಕರೆಂಟ್ ಒಂದೇ ಸಮ ಇರುವುದಿಲ್ಲ. ಹೆಡ್‌ಲೈಟ್, ಫ್ಯಾನ್, ಎಸಿ ಆಫ್. ಲ್ಯಾಪ್‌ಟಾಪ್ ಚಾರ್ಜ್ ತುಂಬಿರಲಿ. ನಡುವೆ ಕಡಿದುಹೋದರೆ ಹೊಸ ಇಸಿಎಂ ಕೈಕೊಡುವ ಸಾಧ್ಯತೆ ಇದೆ.

ಇರುವ ಕೀಗಳನ್ನೆಲ್ಲ ಒಟ್ಟಿಗೇ ತಂದು ಜೋಡಿಸಿ. ಇಂಜೆಕ್ಟರ್ ಕೋಡ್ ತುಂಬಿ. ಥ್ರಾಟಲ್, ಕ್ರ್ಯಾಂಕ್ ಸೆನ್ಸರ್ ರೀಲರ್ನ್ (ಅವುಗಳನ್ನು ಇಸಿಎಂಗೆ ಮತ್ತೆ ಕಲಿಸುವುದು) ಕೇಳುವ ಗಾಡಿಯಾದರೆ ಅದನ್ನೂ ಮುಗಿಸಿ.

ಈಗ ಕೀ ಆನ್. ಚೆಕ್ ಎಂಜಿನ್ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲ ಕೆಲವು ದಿನ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ, ಹೊಸ ಇಸಿಎಂ ಎಂಜಿನ್ನಿನ ಗುಣ ಕಲಿಯುತ್ತಿರುತ್ತದೆ. ಹೊಗೆ ತಪಾಸಣೆ ಇದ್ದರೆ ಅದಾದ ಮೇಲೆಯೇ ಹೋಗಿ, ಏಕೆಂದರೆ ಒಳಗಿನ ಸ್ವಯಂ ಪರೀಕ್ಷೆಗಳು ಗಾಡಿ ಓಡಿದ ಮೇಲೆಯೇ ಪೂರ್ತಿಯಾಗುವುದು. ಒಂದು ವಾರ ಕಳೆದು ಮತ್ತೆ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಹಳೆಯ ಪೆಟ್ಟಿಗೆ ಸೀಟಿನ ಹಿಂದೆಯೇ ಇರಲಿ.