ಬೆಂಕಿಪೊಟ್ಟಣದೊಳಗೆ ಪುಣ್ಯಕೋಟಿ

ನನ್ನ ಪುಣ್ಯಕೋಟಿಯ ಎತ್ತರ ಒಂದು ಸೆಂಟಿಮೀಟರ್. ಹುಲಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಕರು ಆರು ಮಿಲಿಮೀಟರ್. ಕಾಳಿಂಗ ಗೊಲ್ಲ ಮಾವಿನ ಮರದಡಿ ಕೊಳಲು ಹಿಡಿದು ಕೂತಿರುವುದರಿಂದ ಅವನೂ ಒಂದು ಸೆಂಟಿಮೀಟರ್ ದಾಟುವುದಿಲ್ಲ. ಗೋವಿನ ಹಾಡಿನ ಒಂದೊಂದು ಸನ್ನಿವೇಶಕ್ಕೆ ಒಂದೊಂದು ಬೆಂಕಿಪೊಟ್ಟಣ, ಎಲ್ಲವೂ ಕಾಗದದಲ್ಲೇ. ಸಣ್ಣದು ಮಾಡುವುದೆಂದರೆ ಕಣ್ಣು, ರೆಪ್ಪೆ, ಗೊರಸು ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸುವುದು ಎಂದು ನೋಡಲು ಬರುವವರು ತಿಳಿದಿರುತ್ತಾರೆ. ನನಗೆ ಹಾಗನಿಸುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಕತೆ ಹೇಳುವುದು ಅಳತೆ. ಯಾರು ಯಾರಿಗಿಂತ ಎಷ್ಟು ಎತ್ತರ, ಯಾರ ಕೊರಳು ಎಷ್ಟು ಬಾಗಿದೆ, ಇಬ್ಬರ ನಡುವೆ ಎಷ್ಟು ಜಾಗ ಬಿಟ್ಟಿದೆ ಎಂಬುದು ಸರಿಯಾದರೆ ಮುಖದಲ್ಲಿ ಕಣ್ಣೇ ಇಲ್ಲದಿದ್ದರೂ ಹಸು ಅಳುವುದು ಕಾಣುತ್ತದೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವಳು. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಯಕ್ಷಗಾನ ಬಯಲಾಟ ಹೀಗೆ ಕನ್ನಡದಲ್ಲೂ ಮಲಯಾಳದಲ್ಲೂ ಆಮಂತ್ರಣಗಳು ಅಚ್ಚಾಗುತ್ತಲೇ ಇರುತ್ತವೆ. ಕಟಿಂಗ್ ಮೆಷಿನ್ನಿನ ಬುಡದಲ್ಲಿ ಬೀಳುವ ಬೆರಳಗಲದ ಪಟ್ಟಿಗಳೇ ನನ್ನ ಸಾಮಗ್ರಿ. ಬೇರೆ ಯಾವ ಕೆಲಸಕ್ಕೂ ಬಾರದ ಆ ಪಟ್ಟಿಯಲ್ಲಿ ಒಂದು ಇಡೀ ದನದ ಮಂದೆ ಅಡಗಿರುತ್ತದೆ.

ಪ್ರೆಸ್ಸಿನ ಕೆಲಸ ನನಗೆ ಕಲಿಸಿದ ಮೊದಲ ಪಾಠ ಕಾಗದದ ನಾರು. ಕಾಗದ ತಯಾರಾಗುವಾಗ ಅದರ ನಾರುಗಳಲ್ಲಿ ಹೆಚ್ಚಿನವು ಮೆಷಿನ್ ಓಡುವ ದಿಕ್ಕಿಗೆ ಮಲಗಿರುತ್ತವೆ. ನಾರಿನ ಉದ್ದಕ್ಕೆ ಮಡಚಿದರೆ ಗೆರೆ ನೇರ ಬರುತ್ತದೆ, ಅಡ್ಡಕ್ಕೆ ಮಡಚಿದರೆ ಒಡೆದು ಬಿಳಿ ಹೊಟ್ಟು ಏಳುತ್ತದೆ. ದೊಡ್ಡ ಕಾರ್ಡಿನಲ್ಲಿ ಇದು ಅಷ್ಟಾಗಿ ಗೊತ್ತಾಗದು. ಮಿಲಿಮೀಟರ್ ಅಗಲದ ಕಾಲಿನಲ್ಲಿ ಇದೇ ಸರ್ವಸ್ವ. ನಾರು ಕಾಲಿನ ಉದ್ದಕ್ಕೆ ಹೋಗಿದ್ದರೆ ಹಸು ನಿಲ್ಲುತ್ತದೆ, ಅಡ್ಡಕ್ಕೆ ಹೋಗಿದ್ದರೆ ಮಂಡಿಯೂರುತ್ತದೆ. ಪರೀಕ್ಷೆ ಸುಲಭ. ಚೌಕದ ಚೂರೊಂದರ ಒಂದು ಮಗ್ಗುಲಿಗೆ ಮಾತ್ರ ನೀರು ಸವರಿದರೆ ಅದು ಸುರುಳಿಯಾಗತೊಡಗುತ್ತದೆ. ಸುರುಳಿಯ ಕೊಳವೆ ಯಾವ ದಿಕ್ಕಿಗೆ ನಿಂತಿತೋ ಆ ದಿಕ್ಕೇ ನಾರಿನದ್ದು. ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುವುದರಿಂದ ಹೀಗಾಗುವುದು.

ಇನ್ನು ದಪ್ಪ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದನ್ನೇ ನಾವು ಜಿ.ಎಸ್.ಎಂ. ಎನ್ನುವುದು. ಆಮಂತ್ರಣದ ಕಾರ್ಡು ಸಾಮಾನ್ಯವಾಗಿ 250ರಿಂದ 300. ಅದು ನೆಲಕ್ಕೆ, ಬಂಡೆಗೆ ಆದೀತು, ಪ್ರಾಣಿಗೆ ಆಗದು. ಒಳಗೆ ಇಡುವ ಹಾಳೆಯ 120 ಜಿ.ಎಸ್.ಎಂ. ಕಂದು ಕಾಗದ ಹಸುವಿಗೆ ಹೇಳಿ ಮಾಡಿಸಿದ್ದು. ಮರದ ಎಲೆಗೆ ಅದಕ್ಕಿಂತಲೂ ತೆಳ್ಳಗಿನದು ಬೇಕು.

ಅಳತೆ ಎಲ್ಲಿಂದ ತರುವುದು? ಚಿತ್ರಗಳಲ್ಲಿ ಕಾಣುವ ಪುಣ್ಯಕೋಟಿ ಉದ್ದ ಕೊಂಬಿನ, ಎತ್ತರದ ಬಿಳಿ ಹಸು. ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ಮೇಯುವುದು ಗಿಡ್ಡ ತಳಿ. ಮೋಟು ಕೊಂಬು, ಬೆನ್ನಿನವರೆಗಿನ ಎತ್ತರ ಒಂದು ಮೀಟರಿಗೂ ಕಡಿಮೆ, ಹಾಲು ಸ್ವಲ್ಪ, ತಿನ್ನುವುದೂ ಸ್ವಲ್ಪ, ಮಳೆಗಾಲ ಬೇಸಗೆ ಎರಡನ್ನೂ ತಡೆದುಕೊಳ್ಳುವ ಜೀವ. ಈಗ ಹಟ್ಟಿಗಳಲ್ಲಿ ಜೆರ್ಸಿ ಮಿಶ್ರತಳಿ ಬಂದು ಇವು ಕಡಿಮೆಯಾಗಿವೆ. ಬದಿಯಡ್ಕದ ಹತ್ತಿರ ಬೇಳದಲ್ಲಿ ಈ ತಳಿಯನ್ನು ಉಳಿಸಲೆಂದೇ ಸರಕಾರಿ ಫಾರ್ಮ್ ಇದೆ. ನೆರೆಮನೆಯ ದೊಡ್ಡಮ್ಮನ ಹಟ್ಟಿಯಲ್ಲೂ ಒಂದಿದೆ. ಟೇಪು ಹಿಡಿದು ಹೋದಾಗ ದೊಡ್ಡಮ್ಮ ಕೇಳಿದರು, "ಇದಕ್ಕೆ ಅಂಗಿ ಹೊಲಿಸ್ತೀಯಾ ಮಗಾ?" ಕಾರಣ ಹೇಳಿದೆ. ಆಮೇಲೆ ಅವರೇ ಹಗ್ಗ ಹಿಡಿದು ನಿಂತು, ಕರು ಹತ್ತಿರ ಬಂದಾಗ ತಾಯಿ ಕೊರಳನ್ನು ಹೇಗೆ ಹಿಂದಕ್ಕೆ ತಿರುಗಿಸಿ ನೆಕ್ಕುತ್ತದೆ ಎಂಬುದನ್ನು ತೋರಿಸಿದರು. ಆ ತಿರುವನ್ನೇ ನಾನು ಮೂರನೆಯ ಪೊಟ್ಟಣದಲ್ಲಿ ಇಟ್ಟಿದ್ದೇನೆ.

ಗಿಡ್ಡ ಹಸುವನ್ನು ಆರಿಸಿದ ಕೂಡಲೇ ಕತೆಯಲ್ಲಿ ಒಂದು ಹೊಸ ವಿಷಯ ಕಂಡಿತು. ಹುಲಿಯ ಹೆಗಲಿನ ಎತ್ತರವೂ ಒಂದು ಮೀಟರಿನ ಆಸುಪಾಸೇ. ಅಂದರೆ ನಮ್ಮ ಹಸುವೂ ಹುಲಿಯೂ ಎದುರು ನಿಂತರೆ ಕಣ್ಣಿಗೆ ಕಣ್ಣು ಸಮ. ಹುಲಿ ಉದ್ದದಲ್ಲಿ ಮಾತ್ರ ದೊಡ್ಡದು. ಕೊಟ್ಟ ಮಾತಿಗೆ ತಪ್ಪದೆ ತಿರುಗಿ ಬಂದವಳು ಕತ್ತೆತ್ತಿ ಬೇಡುವುದೂ ಇಲ್ಲ, ಕೆಳಗೆ ನೋಡಿ ಹೇಳುವುದೂ ಇಲ್ಲ. ನೇರ ನೋಡಿ "ತಿನ್ನು" ಎನ್ನುತ್ತಾಳೆ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಇಟ್ಟುಕೊಂಡದ್ದರಿಂದ ಇದೆಲ್ಲ ತಾನಾಗಿ ಒದಗಿತು. ಹಾಡಿನಲ್ಲಿ ಬರುವುದು ಎಳೆಯ ಮಾವಿನ ಮರ. ಮೂರು ಮೀಟರಿನ ಎಳೆ ಮರ ಮೂರು ಸೆಂಟಿಮೀಟರ್ ಆಗಿ, ಮಗ್ಗುಲಾಗಿ ನಿಲ್ಲಿಸಿದ ಪೊಟ್ಟಣದ ಒಳತಟ್ಟೆಯಲ್ಲಿ ಸರಿಯಾಗಿ ಕೂತಿತು. ತಟ್ಟೆ ಸುಮಾರು ಐದು ಸೆಂಟಿಮೀಟರ್ ಉದ್ದ, ಮೂರೂವರೆ ಎತ್ತರ, ಒಂದೂಕಾಲು ಆಳ. ಇಷ್ಟರಲ್ಲೇ ಗುಡ್ಡೆ, ಮರ, ಮಂದೆ ಎಲ್ಲ.

ಹಸು ಮಾಡುವ ಬಗೆ ಹೀಗೆ. ಕಂದು ಕಾಗದವನ್ನು ನಾರಿಗೆ ಅಡ್ಡವಾಗಿ, ಎರಡಾಗಿ ಮಡಚುತ್ತೇನೆ. ಮಡಿಕೆಯೇ ಬೆನ್ನು. ನಾರು ಕಾಲಿನ ಉದ್ದಕ್ಕೆ ಬರಬೇಕಾದ್ದರಿಂದ ಮಡಿಕೆ ಅಡ್ಡಕ್ಕೇ ಬರಬೇಕು. ಅಲ್ಲಿ ಕಾಗದ ಒಡೆಯದ ಹಾಗೆ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿ ಹದ ಮಾಡಿಕೊಳ್ಳುತ್ತೇನೆ. ಪೆನ್ಸಿಲಿನಲ್ಲಿ ಪಕ್ಕದ ನೋಟವನ್ನು ಬರೆದು ಎರಡೂ ಪದರ ಒಟ್ಟಿಗೆ ಕೊಯ್ಯುತ್ತೇನೆ. ಕತ್ತರಿ ಇಲ್ಲಿ ಕೆಲಸಕ್ಕೆ ಬಾರದು, ಅದು ಕಾಗದವನ್ನು ತಿರುಚುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಸರ್ಜಿಕಲ್ ಬ್ಲೇಡು ಬೇಕು. ಬ್ಲೇಡನ್ನು ಎಳೆಯುವುದಕ್ಕಿಂತ ಚುಚ್ಚಿ ಚುಚ್ಚಿ ಮುಂದೆ ಹೋಗುವುದು ಒಳ್ಳೆಯದು. ಕೊರಳಿನ ಬುಡದಲ್ಲಿ ಅರ್ಧ ಮಿಲಿಮೀಟರ್ ಕೊಯ್ತ ಕೊಟ್ಟರೆ ತಲೆಯನ್ನು ಬೇಕಾದ ಕಡೆಗೆ ತಿರುಗಿಸಬಹುದು. ಕಿವಿ ಪ್ರತ್ಯೇಕ ಚೂರು, ಅಡ್ಡಕ್ಕೆ ಚಾಚಿರಬೇಕು. ಕಿವಿ ಮೇಲಕ್ಕೆ ನಿಂತರೆ ಹಸು ಹೋಗಿ ನಾಯಿಯಾಗುತ್ತದೆ. ಗಂಗೆದೊಗಲು ಬಿಡಬಾರದು. ಕೊರಳಿನ ಕೆಳಗಿನ ಆ ಒಂದು ಬಾಗಿದ ಗೆರೆಯಿಂದಲೇ ಇದು ನಮ್ಮ ದೇಶದ ದನ ಎಂದು ಗುರುತು ಸಿಗುವುದು.

ಅಂಟು ಹಚ್ಚಲು ಹಿಡಿಸೂಡಿಯ (ಪೊರಕೆಯ) ಕಡ್ಡಿಯ ತುದಿ. ಫೆವಿಕಾಲನ್ನು ಡಬ್ಬದಿಂದ ನೇರ ತೆಗೆದು ಹಚ್ಚಿದರೆ ಅದರ ನೀರಿನಿಂದ ಇಷ್ಟು ಸಣ್ಣ ಕಾಗದ ಉಬ್ಬಿ ಸೊಟ್ಟಗಾಗುತ್ತದೆ. ಒಂದು ಹನಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಿಟ್ಟು, ತುಸು ಗಟ್ಟಿಯಾಗಿ ನೂಲು ಬಿಡುವ ಹದಕ್ಕೆ ಬಂದ ಮೇಲೆ ಮುಟ್ಟಿಸಬೇಕು. ಮೈದಾ ಅಂಟನ್ನು ನಾನು ಈ ಕೆಲಸಕ್ಕೆ ಬಳಸುವುದೇ ಇಲ್ಲ. ಗಂಜಿಯ ರುಚಿಗೆ ಬೆಳ್ಳಿಹುಳ ಬರುತ್ತದೆ.

ಹುಲಿ ಹೆಚ್ಚು ತಾಳ್ಮೆ ಬೇಡುತ್ತದೆ. ಪಟ್ಟೆಗಳನ್ನು ಪೆನ್ನಿನಲ್ಲಿ ಬರೆಯಬಹುದು. ಆದರೆ ಇಂಕು ನಾರಿನಲ್ಲಿ ಹಬ್ಬಿ ಅಂಚು ಮಸುಕಾಗುತ್ತದೆ. ನಾನು ಕಿತ್ತಳೆ ಕಾಗದದಲ್ಲಿ ಪಟ್ಟೆ ಇರಬೇಕಾದಲ್ಲೆಲ್ಲ ಒತ್ತೊತ್ತಾಗಿ ಎರಡು ಕೊಯ್ತ ಕೊಟ್ಟು, ನಡುವಿನ ಕೂದಲಷ್ಟು ಚೂರನ್ನು ಸೂಜಿಯ ಮೊನೆಯಿಂದ ಎತ್ತಿ ತೆಗೆಯುತ್ತೇನೆ. ಹಿಂದಿನಿಂದ ತೆಳ್ಳಗಿನ ಕಪ್ಪು ಕಾಗದ ಅಂಟಿಸಿದರೆ ಪಟ್ಟೆಗಳು ಚರ್ಮದೊಳಗಿಂದಲೇ ಬಂದ ಹಾಗೆ ಕಾಣುತ್ತವೆ. ಇದೆಲ್ಲ ಮುಗಿದ ಮೇಲೆಯೇ ಮೈಯ ಆಕಾರ ಕೊಯ್ಯಬೇಕು. ಮೊದಲೇ ಕೊಯ್ದರೆ ಹಿಡಿಯಲು ಜಾಗ ಇರುವುದಿಲ್ಲ. ಮೈ ಎರಡು ಸೆಂಟಿಮೀಟರ್, ಬಾಲ ಒಂದು ಸೆಂಟಿಮೀಟರ್.

ಗುಡ್ಡೆಗೆ ಬಣ್ಣದ ಅಂಗಡಿಗೆ ಹೋಗಬೇಕಾಗಿಲ್ಲ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಕಬ್ಬಿಣದ ಅಂಶದಿಂದಲೇ ಕೆಂಪಾದದ್ದು. ಅಂಗಳದ ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಣಗಿದ ಹುಡಿಯನ್ನು ಬೆರಳಿನಿಂದ ಕಾಗದಕ್ಕೆ ತಿಕ್ಕಿದರೆ ಯಾವ ಬಾಟಲಿಯ ಬಣ್ಣದಲ್ಲೂ ಸಿಗದ ಕೆಂಪು ಬರುತ್ತದೆ. ಕಾರ್ಡನ್ನು ಕೊಯ್ಯದೆ ಹರಿದು ಪದರ ಪದರವಾಗಿ ಅಂಟಿಸಿ, ಹಿಂದಿನಿಂದ ಸೂಜಿಯಲ್ಲಿ ಚುಚ್ಚಿದರೆ ಮುರಕಲ್ಲಿನ ತೂತುಗಳಾಗುತ್ತವೆ. ಹುಲಿಯ ಗವಿಯ ಕತ್ತಲೆಗೆ ಕಣ್ಣೆದುರು ಇದ್ದದ್ದು ಸುರಂಗ. ಬಾಯಾರು, ಎಣ್ಮಕಜೆ ಕಡೆ ಗುಡ್ಡೆಯ ಮಗ್ಗುಲಿಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳನ್ನು ನೋಡಿದವರಿಗೆ ಗೊತ್ತು, ಅದರ ಬಾಯಿ ಆಳು ನಡೆದುಹೋಗುವಷ್ಟು ಎತ್ತರವಿದ್ದರೂ ಅಗಲ ಎರಡು ಅಡಿಯಷ್ಟೇ. ಹೊರಗೆ ಕೆಂಪು, ಎರಡು ಹೆಜ್ಜೆ ಒಳಗೆ ಕಂದು, ಆಮೇಲೆ ಏನೂ ಕಾಣದು. ಗವಿಯನ್ನು ಅದಕ್ಕಿಂತ ಅಗಲ ಮಾಡಿದ್ದೇನೆ. ಕತ್ತಲೆಯನ್ನು ಮಾತ್ರ ಹಾಗೆಯೇ ಮೂರು ಪದರದಲ್ಲಿ ಇಟ್ಟಿದ್ದೇನೆ. ಹಟ್ಟಿಯ ಮಾಡಿಗೆ (ಸೂರಿಗೆ) ಮುಳಿಹುಲ್ಲು. ಪಟ್ಟಿಯ ಅಂಚನ್ನು ಸಣ್ಣಗೆ ಸೀಳಿ ಒಂದರ ಮೇಲೊಂದು ಅಂಟಿಸಿದರಾಯಿತು.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತದ್ದು ಹಸು ಹುಲಿ ಎದುರಾಗುವ ಪೊಟ್ಟಣದ ಮುಂದೆ. ಐದು ಸೆಂಟಿಮೀಟರಿನಲ್ಲಿ ಹುಲಿಯ ಮೈ ಎರಡು ಸೆಂಟಿಮೀಟರ್ ತಿನ್ನುತ್ತದೆ, ಹಸು ಒಂದೂಕಾಲು ಸೆಂಟಿಮೀಟರ್. ಉಳಿದದ್ದನ್ನು ಎಲ್ಲಿ ಬಿಡುವುದು? ಹಸುವಿನ ಹಿಂದೆ ಜಾಗ ಬಿಟ್ಟರೆ ಅವಳಿಗೆ ಓಡಿಹೋಗಲು ದಾರಿ ಇದೆ ಎಂದಾಗುತ್ತದೆ. ಹುಲಿಯ ಹಿಂದೆ ಬಿಟ್ಟರೆ ಅದು ಈಗಷ್ಟೇ ಹಾರಿ ಬಂದಂತೆ. ಹಾಗಾಗಿ ಇದೇ ಎದುರಾಟದ ಎರಡು ಪೊಟ್ಟಣ ಮಾಡಿದೆ. ಮೊದಲ ಸಲ ಹುಲಿ ಅಡ್ಡಗಟ್ಟಿದಾಗ ಇಬ್ಬರ ನಡುವೆ ಅರ್ಧ ಸೆಂಟಿಮೀಟರ್ ಮಾತ್ರ, ಹಸುವಿನ ಮುಂಗಾಲು ಹಿಂದಕ್ಕೆ ಜಗ್ಗಿದೆ, ಹಿಂದೆ ದಾರಿ ತೆರೆದಿದೆ. ಎರಡನೆಯ ಸಲ ಅವಳು ಮಾತಿನಂತೆ ಮರಳಿ ಬಂದಾಗ ಖಾಲಿ ಜಾಗವೆಲ್ಲ ಇಬ್ಬರ ನಡುವೆ, ನಾಲ್ಕೂ ಕಾಲು ನೇರ ಊರಿವೆ. ಈ ಸಲ ಹಿಂದೆ ಸರಿದಿರುವುದು ಹುಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಪೊಟ್ಟಣ ಎಳೆದು ತೆರೆಯುವ ವಸ್ತು ಎಂಬುದೂ ನನಗೆ ತುಂಬ ಅನುಕೂಲವಾಯಿತು. ತಟ್ಟೆಯನ್ನು ಅರ್ಧ ಎಳೆದರೆ ಹಸು ಮಾತ್ರ ಕಾಣುತ್ತದೆ, ಪೂರ್ತಿ ಎಳೆದರೆ ಹುಲಿ. ಎಷ್ಟು ಬೇಗ ಎಳೆಯಬೇಕು ಎಂಬುದು ಮಕ್ಕಳ ಕೈಗೆ ಬಿಟ್ಟದ್ದು.

ಕೊನೆಯ ಪೊಟ್ಟಣವೊಂದನ್ನು ಮಾತ್ರ ಮಲಗಿಸಿ ತೆರೆಯಬೇಕು. ಹುಲಿ ಆಕಾಶಕ್ಕೆ ನೆಗೆದು ಪ್ರಾಣ ಬಿಡುವ ಭಾಗ ಅದು. ಹುಲಿ ತಟ್ಟೆಯ ನೆಲದಲ್ಲಿ ಮಡಚಿ ಮಲಗಿರುತ್ತದೆ. ಅದರ ಹಿಂಗಾಲಿನ ಕೆಳಗಿನ ಚೂರು ನೆಲದ ಸೀಳಿನಿಂದ ಕೆಳಗಿಳಿದು ಒಂದು ತೆಳು ಪಟ್ಟಿಗೆ ಅಂಟಿದೆ. ಪಟ್ಟಿಯ ಇನ್ನೊಂದು ತುದಿ ಹೊರಗಿನ ಕವಚದ ಒಳಗೋಡೆಗೆ ಅಂಟಿದೆ. ತಟ್ಟೆ ಮುಕ್ಕಾಲು ಹೊರಗೆ ಬರುವವರೆಗೆ ಪಟ್ಟಿ ಸಡಿಲ. ಆಮೇಲೆ ಬಿಗಿಯಾಗಿ ಕಾಲನ್ನು ಹಿಂದಕ್ಕೆ ಎಳೆದಾಗ ಹುಲಿ ಎದ್ದು ನಿಲ್ಲುತ್ತದೆ, ಮುಂಗಾಲು ಮೇಲಕ್ಕೆ. ಪಟ್ಟಿಯ ನಾರು ಉದ್ದಕ್ಕೇ ಇರಬೇಕು, ಇಲ್ಲದಿದ್ದರೆ ಹರಿಯುತ್ತದೆ. ಸತ್ತು ಬಿದ್ದ ಹುಲಿಯನ್ನು ನಾನು ಮಾಡಲಿಲ್ಲ. ತನ್ನ ತಪ್ಪು ತಿಳಿದು ಎದ್ದ ಪ್ರಾಣಿ ಅದು. ಅದರ ಎದ್ದ ನಿಲುವನ್ನೇ ಮಕ್ಕಳು ನೋಡಬೇಕು ಎಂದು ನನ್ನ ಆಸೆ.

ನಮ್ಮಲ್ಲಿ ಮಳೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಮಳೆಗಾಲದ ಆಟಿ ತಿಂಗಳಲ್ಲಿ ಗೋಡೆಯೇ ಬೆವರುವಾಗ ಕಾಗದದ ಕಾಲುಗಳ ಗತಿ ಕೇಳಬೇಕೇ? ಪ್ರಾಣಿಗಳ ಕಾಲಿಗೆ ಬಣ್ಣವಿಲ್ಲದ ನೈಲ್ ಪಾಲಿಶನ್ನು ಸೂಜಿಯ ತುದಿಯಿಂದ ಒಂದು ಸಲ ಮುಟ್ಟಿಸಿಬಿಟ್ಟರೆ ಅವು ಬಾಗುವುದಿಲ್ಲ. ಪೊಟ್ಟಣಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಹೊಸದನ್ನು ಮಾಡುವುದು ನವೆಂಬರಿನಿಂದ ಮೇ ತಿಂಗಳೊಳಗೆ ಮಾತ್ರ.

ಪೊಟ್ಟಣಗಳು ಈಗ ಹೆಚ್ಚಾಗಿ ಇರುವುದು ಹತ್ತಿರದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಕನ್ನಡ ವಿಭಾಗದಲ್ಲಿ. ಅಲ್ಲಿನ ಮಕ್ಕಳ ಮನೆಮಾತು ತುಳು, ಹವ್ಯಕ, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಹೀಗೆ ಹಲವು. ಹಾಡನ್ನು ಬಾಯಿಪಾಠ ಮಾಡಲು ನಾಚುವ ಹುಡುಗಿಯೂ ಪೊಟ್ಟಣ ಕೈಗೆ ಬಂದ ಮೇಲೆ, ಮೊದಲು ತನ್ನ ಮನೆಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಕತೆ ಹೇಳುತ್ತಾಳೆ. ಟೀಚರು ಅದನ್ನು ತಡೆಯುವುದಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಬಹಳ ಗೌರವ. ಎಲ್ಲಕ್ಕಿಂತ ಮೊದಲು ಸವೆಯುವುದು ಕೊನೆಯ ಪೊಟ್ಟಣದ ಪಟ್ಟಿ, ಹುಲಿಯನ್ನು ಮತ್ತೆ ಮತ್ತೆ ಎಬ್ಬಿಸುವುದರಿಂದ. ಬದಲಿ ಪಟ್ಟಿಗಳನ್ನು ಅಳತೆಗೆ ಕೊಯ್ದು, ನಾರಿನ ದಿಕ್ಕಿಗೆ ಬಾಣದ ಗುರುತು ಹಾಕಿ ಒಂದು ಕವರಿನಲ್ಲಿ ಕೊಟ್ಟಿದ್ದೇನೆ. ನಾಲ್ಕನೇ ಕ್ಲಾಸಿನ ಮಕ್ಕಳು ಈಗ ಅದನ್ನು ತಾವೇ ಅಂಟಿಸಿಕೊಳ್ಳುತ್ತಾರೆ.