ರೈಫಲ್ ಸೈಲೆನ್ಸರ್‌ಗೆ ಗವಸು: ಹೊಲಿಯುವುದೋ, ಕೊಳ್ಳುವುದೋ?

ನಳಿಕೆಯ ತುದಿಗೆ ಹಾಕುವ, ಸದ್ದು ತಗ್ಗಿಸುವ ಕೊಳವೆಯೇ ಸೈಲೆನ್ಸರ್. ಕೈ ಸುಡದಿರಲಿ ಅಂತ ಅದಕ್ಕೆ ಬಟ್ಟೆಯ ಗವಸು ಹಾಕುವವರಿದ್ದಾರೆ. ಗವಸಿನ ಮುಖ್ಯ ಕೆಲಸ ಬೇರೆಯೇ. ಹತ್ತು ಹದಿನೈದು ಗುಂಡು ಹಾರಿಸಿದ ಮೇಲೆ ಕಾದ ಸೈಲೆನ್ಸರ್‌ನಿಂದ ಏಳುವ ಬಿಸಿಗಾಳಿ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಎದುರೇ ಹಾಯುತ್ತದೆ. ಬೇಸಿಗೆಯ ಟಾರು ರಸ್ತೆಯ ಬಿಸಿಲ್ಗುದುರೆಯಂತೆ ಗುರಿ ಕುಣಿಯುತ್ತದೆ. ಗವಸು ಈ ಕುಣಿತವನ್ನು ತಡೆಯುತ್ತದೆ, ಆದರೆ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ. ಮನೆಯದಾಗಲಿ ಅಂಗಡಿಯದಾಗಲಿ, ಕೆಡುವುದು ಹೆಚ್ಚಾಗಿ ಇದರಿಂದಲೇ.

ಅಮೆರಿಕದಲ್ಲಿ ಸೈಲೆನ್ಸರ್ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಣಿಯಾಗಿರಬೇಕು. ಗವಸು ಬರೀ ಬಟ್ಟೆ, ಅದಕ್ಕೆ ಕಾಗದಪತ್ರ ಬೇಡ. ಅಂಗಡಿಯಲ್ಲಿ ಒಳ್ಳೆಯದು ನೂರು ಡಾಲರಿನ ಆಸುಪಾಸು. ಸಾಮಾನ್ಯವಾಗಿ ಒಳಗೆ ಶಾಖ ತಡೆಯುವ ನಾರಿನ ಪದರ, ಹೊರಗೆ 1000 ಡೆನಿಯರ್ (ನೂಲಿನ ದಪ್ಪದ ಅಳತೆ) ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆ, ಬಿಗಿಯಲು ದಾರ. ಇಷ್ಟನ್ನು ಮನೆಯಲ್ಲೂ ಹೊಲಿಯಬಹುದು.

38 ಮಿಮೀ ವ್ಯಾಸ, 180 ಮಿಮೀ ಉದ್ದದ ಸೈಲೆನ್ಸರ್ ಅಂತ ಇಟ್ಟುಕೊಳ್ಳಿ. ಸುತ್ತಳತೆ ಸುಮಾರು 120 ಮಿಮೀ. ಒಳಪದರಕ್ಕೆ 3 ಮಿಮೀ ದಪ್ಪದ, ಶಾಖ ತಡೆಯುವ ಸಿಲಿಕಾ ಬಟ್ಟೆಯನ್ನು 120×170 ಅಳತೆಗೆ ಕತ್ತರಿಸಿ. ಅದರ ದಪ್ಪ ಸೇರಿದರೆ ಹೊರಗಿನ ಸುತ್ತು 138 ಆಗುತ್ತದೆ. ಬಿಗಿಯಲು 10 ಮಿಮೀ ಸಂದು ಬೇಕು, ಹಾಗಾಗಿ ಕಾರ್ಡುರಾ 128 ಸಾಕು. ಅಂಚು ಮಡಿಸಲು ನಾಲ್ಕೂ ಕಡೆ 10 ಸೇರಿಸಿ 148×190 ಕತ್ತರಿಸಿ. ಅಂಚು ಮಡಿಸಿ, ಸಿಲಿಕಾವನ್ನು ಒಳಗಿಟ್ಟು ಹೊಲಿಯಿರಿ. ಉದ್ದದ ಎರಡೂ ಅಂಚಿಗೆ 25 ಮಿಮೀಗೊಂದರಂತೆ ಹಿತ್ತಾಳೆ ಐಲೆಟ್ (ದಾರ ಪೋಣಿಸುವ ತೂತಿನ ಬಳೆ) ಹೊಡೆದು ಶೂ ಲೇಸಿನಂತೆ ಬಿಗಿಯಿರಿ.

ಮನೆಯ ಗವಸು ಸೋಲುವುದು ಬಟ್ಟೆಯಲ್ಲಲ್ಲ, ನೂಲಿನಲ್ಲಿ. ಪಾಲಿಯೆಸ್ಟರ್ ನೂಲು 260 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಅದಕ್ಕೂ ಮೊದಲೇ ಜೀವ ಕಳೆದುಕೊಂಡಿರುತ್ತದೆ. ಹೊರಗಿಂದ ಎಲ್ಲ ಸರಿಯಾಗೇ ಕಾಣುತ್ತದೆ. ಎಳೆದರೆ ಒಳಪದರ ದಿಂಬು ಕಳಚಿದಂತೆ ಕೈಗೆ ಬರುತ್ತದೆ. ಶಾಖ ತಾಳುವ ಕೆವ್ಲಾರ್ ನಾರಿನ ನೂಲು, ಅದರದ್ದೇ ದಾರ ಬಳಸಿ. ವೆಲ್ಕ್ರೊ ಕೂಡ ನೈಲಾನೇ, ಬೇಡ.

ಇನ್ನೊಂದು ತೊಂದರೆ ಜಾರುವುದು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಗವಸು ಇದ್ದಲ್ಲೇ ಉಳಿಯುತ್ತದೆ. ಹೀಗೆ ಕೂದಲೆಳೆ ಕೂದಲೆಳೆಯಾಗಿ ಮುಂದೆ ಬಂದು ಕೊನೆಗೆ ಸೈಲೆನ್ಸರಿನ ಬಾಯನ್ನೇ ಮುಚ್ಚುತ್ತದೆ, ಗುಂಡು ಬಟ್ಟೆ ಹರಿದುಕೊಂಡು ಗುರಿ ತಪ್ಪುತ್ತದೆ. 180 ಉದ್ದಕ್ಕೆ 170 ಮಾತ್ರ ಮುಚ್ಚಿ ಮುಂದೆ 10 ಮಿಮೀ ಬರಿದಾಗಿ ಬಿಟ್ಟಿದ್ದು ಇದಕ್ಕೇ. ಹಿಂದಿನ ಕೊನೆಯ ಗಂಟನ್ನು ಸೈಲೆನ್ಸರ್ ಸಣ್ಣದಾಗುವ ಭುಜದ ಹಿಂದೆ ಬಿಗಿದರೆ ಜಾರುವುದು ನಿಲ್ಲುತ್ತದೆ. ಗವಸಿನ ಅಂಚು ಎಲ್ಲಿದೆಯೋ ಅಲ್ಲಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಸರಿದದ್ದು ತಕ್ಷಣ ಗೊತ್ತಾಗುತ್ತದೆ.

ಬೈಕ್ ಸೈಲೆನ್ಸರ್‌ಗೆ ಸುತ್ತುವ ಗಾಜುನಾರಿನ ಪಟ್ಟಿಯನ್ನೇ ಸುತ್ತಿ ಸ್ಟೀಲ್ ಟೈ ಹಾಕುವವರಿದ್ದಾರೆ. ಅಗ್ಗವೇನೋ ಹೌದು. ಮೊದಲ ಬಾರಿ ಹೊಗೆಯಾಡುತ್ತದೆ, ಮೈಗೆ ತಾಗಿದರೆ ತುರಿಕೆ, ಮಳೆಯ ನೀರು ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತಾತ್ಕಾಲಿಕಕ್ಕೆ ಸರಿ.

ಬೋಲ್ಟ್ ರೈಫಲಿನಲ್ಲಿ (ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆಯುವಂಥದ್ದು) ನಿಧಾನವಾಗಿ ಹೊಡೆಯುವವರಿಗೆ ಹೊಲಿದದ್ದು ಧಾರಾಳ ಸಾಕು. ಅರೆಸ್ವಯಂಚಾಲಿತದಲ್ಲಿ ಮೂವತ್ತು ಗುಂಡಿನ ಮ್ಯಾಗಜೀನುಗಳನ್ನು ಸಾಲಾಗಿ ಬಿಡುವವರು, ಆ ವೇಗಕ್ಕೆಂದೇ ಮಾಡಿದ್ದನ್ನು ಕೊಳ್ಳಲಿ, ಇಲ್ಲವೇ ಬರಿದಾಗಿಯೇ ಬಿಡಲಿ. ಅಲ್ಯೂಮಿನಿಯಂ ಸೈಲೆನ್ಸರ್‌ಗಂತೂ ವೇಗದ ಹೊಡೆತದಲ್ಲಿ ಯಾವ ಗವಸೂ ಬೇಡ. 200 ಡಿಗ್ರಿ ದಾಟಿದರೆ ಆ ಲೋಹದ ಬಲ ಕುಗ್ಗುತ್ತದೆ.

ಗವಸಿನ ತೂಕ ನಳಿಕೆಯ ತುದಿಯಲ್ಲಿ ಬೀಳುವುದರಿಂದ ಗುಂಡು ಬೀಳುವ ಜಾಗ ಸ್ವಲ್ಪ ಸರಿಯಬಹುದು, ಜೀರೋವನ್ನು (ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವ ಹೊಂದಿಕೆ) ಗವಸು ಹಾಕಿಯೇ ನೋಡಿ. ಮುಗಿದ ಮೇಲೆ ದಪ್ಪ ಚರ್ಮದ ಕೈಗವಸು ತೊಟ್ಟು ಬಿಚ್ಚಿ, ಪೂರ್ತಿ ಆರಿದ ಮೇಲಷ್ಟೇ ಚೀಲಕ್ಕೆ ಹಾಕಿ.