ಜೇಬಿನಲ್ಲಿ ಎಟ್ಟಿ ಪುಡಿ, ಬಾಟಲಿಯಲ್ಲಿ ಕೆಸರು ನೀರು

ಮಲ್ಪೆ ಬಂದರಿನ ಆಚೀಚೆ ಸಿಗಡಿ ಸುಲಿಯುವ ಶೆಡ್‌ಗಳಿವೆ. ಅಲ್ಲಿ ಬಿಸಾಡುವ ಸಿಪ್ಪೆ, ತಲೆಯೇ ನನ್ನ ಕಚ್ಚಾಮಾಲು. ಸಿಪ್ಪೆಯನ್ನು ಆ್ಯಸಿಡ್‌ಗೆ ಹಾಕಿದರೆ ಸೋಡಾ ತರ ನೊರೆ ಉಕ್ಕುತ್ತದೆ, ಸುಣ್ಣದ ಅಂಶ ಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಪ್ರೊಟೀನ್ ತೆಗೆದರೆ ಉಳಿಯುವುದು ಕೈಟಿನ್. ಅದನ್ನೇ ಗಟ್ಟಿ ಕಾಸ್ಟಿಕ್‌ನಲ್ಲಿ ಬೇಯಿಸಿದರೆ ಕೈಟೋಸಾನ್. ಅಮ್ಮನಿಗೆ ಮಾತ್ರ ಅದು ಇವತ್ತಿಗೂ 'ಎಟ್ಟಿ ಪುಡಿ'. ತುಳುವಿನಲ್ಲಿ ಎಟ್ಟಿ ಅಂದ್ರೆ ಸಿಗಡಿ. ಚಟ್ನಿಗೂ ಆಗದ ಪುಡಿ ಯಾಕೆ ಮಾರಾಯ ಅಂತ ಕೇಳ್ತಾರೆ.

2022ರ ನವೆಂಬರ್‌ನಲ್ಲಿ ಮೊದಲ ಸಲ ಬೆಂಗಳೂರು ಟೆಕ್ ಸಮ್ಮಿಟ್‌ಗೆ ಹೋದೆ. ಮುಂಚೆ ಬಯೋಟೆಕ್‌ನವರಿಗೆ ಬೇರೆಯೇ ಸಮಾವೇಶ ಇತ್ತು. 2017ರಿಂದ ಐಟಿ ಜೊತೆ ಸೇರಿಸಿ ಒಂದೇ ಮಾಡಿದ್ದಾರೆ. ಉಡುಪಿಯಲ್ಲಿ ರಾತ್ರಿ ಬಸ್ ಹತ್ತಿ, ಶಿರಾಡಿಯ ತಿರುವುಗಳಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ಅರಮನೆ ಮೈದಾನ ತಲುಪಿದೆ. 200 ಕಾರ್ಡ್ ಮಾಡಿಸಿದ್ದೆ. ಕಂಡಕಂಡವರಿಗೆಲ್ಲ ಕೊಟ್ಟೆ. ಬೇರೆಯವರ ಒಂದು ಕಟ್ಟು ಕಾರ್ಡ್, ನಾಲ್ಕು ಪೆನ್ನು, ಎರಡು ಬಟ್ಟೆಚೀಲ ತಗೊಂಡು ವಾಪಸ್ ಬಂದೆ. ಆಮೇಲೆ ಒಂದೇ ಒಂದು ಫೋನ್ ಬರಲಿಲ್ಲ. ಬರೋದಾದ್ರೂ ಹೇಗೆ? 'ನಾವು ಸಾಗರಮೂಲದ ಬಯೋಪಾಲಿಮರ್ ತಯಾರಕರು' ಅಂತ ಎಲ್ಲರ ಹತ್ತಿರ ಗಿಳಿಪಾಠ ಒಪ್ಪಿಸಿದ್ದೆ. ನಾನೇ ಕೇಳಿದ್ದರೂ ಮರೆಯುತ್ತಿದ್ದೆ.

2024ರಲ್ಲಿ ಎರಡನೇ ಸಲ ಹೋಗುವಾಗ ಕಾರ್ಡ್ 20 ಸಾಕು ಅಂದುಕೊಂಡೆ. ಜೊತೆಗೆ ಮೂರು ಸಣ್ಣ ಬಾಟಲಿ. ಒಂದರಲ್ಲಿ ಪುಡಿ. ಇನ್ನೊಂದರಲ್ಲಿ ಅದೇ ಪುಡಿ ವಿನಿಗರ್‌ನಲ್ಲಿ ಕರಗಿಸಿದ್ದು. ಮೂರನೆಯದರಲ್ಲಿ ನಮ್ಮ ತೋಟದ ಕಣಿಯ, ಅಂದ್ರೆ ಸಣ್ಣ ಕಾಲುವೆಯ, ಕೆಂಪು ನೀರು. ಗೇಟಿನಲ್ಲಿ ಸೆಕ್ಯುರಿಟಿಯವರು ಕೆಸರು ಬಾಟಲಿಯನ್ನು ಮೇಲೆತ್ತಿ ನೋಡಿ "ಇದೇನು ಸರ್?" ಅಂದರು. ಸರಿ, ಮೊದಲ ಪ್ರದರ್ಶನ ಅಲ್ಲೇ ಆಯಿತು. ಕೆಸರು ನೀರಿಗೆ ಆ ದ್ರಾವಣ ಒಂದೆರಡು ಹನಿ ಹಾಕಿ ಅಲ್ಲಾಡಿಸಿದೆ. ಮಣ್ಣಿನ ಕಣಗಳಿಗೆ ಋಣ ಚಾರ್ಜ್, ಹುಳಿಯಲ್ಲಿ ಕರಗಿದ ಕೈಟೋಸಾನ್‌ಗೆ ಧನ ಚಾರ್ಜ್. ಎರಡೂ ಅಂಟಿಕೊಂಡು, ಹಾಲು ಒಡೆದ ಹಾಗೆ ಗಂಟುಗಂಟಾಗಿ ಕೆಳಗೆ ಕೂರುತ್ತದೆ. ಕೆಲವೇ ನಿಮಿಷದಲ್ಲಿ ಮೇಲೆ ತಿಳಿನೀರು. ಹಿಂದೆ ನಿಂತಿದ್ದ ಇಬ್ಬರು ಕಾರ್ಡ್ ಕೇಳಿದರು. ಒಳಗೆ ಹೋಗುವ ಮೊದಲೇ!

ಆ ವರ್ಷ ವೇದಿಕೆ ಮೇಲೆ ಎಲ್ಲಿ ನೋಡಿದರೂ ಎಐ ಮಾತು. ಹಿಂದಿನ ತಿಂಗಳಷ್ಟೇ ಬೇಕರ್, ಹಸಾಬಿಸ್, ಜಂಪರ್ ಮೂವರು ವಿಜ್ಞಾನಿಗಳಿಗೆ ಕಂಪ್ಯೂಟರ್, ಎಐ ಬಳಸಿ ಮಾಡಿದ ಪ್ರೊಟೀನ್ ಕೆಲಸಕ್ಕೆ ರಸಾಯನಶಾಸ್ತ್ರದ ನೊಬೆಲ್ ಬಂದಿತ್ತು. ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಜೈವಿಕ ಉತ್ಪಾದನೆಗೆ ಉತ್ತೇಜನ ಕೊಡುವ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿತ್ತು. ಅದರ ಪಟ್ಟಿಯಲ್ಲಿ ಸಾಗರ ಸಂಶೋಧನೆಯೂ ಇದೆ ಅಂತ ನನಗೆ ಒಳಗೊಳಗೇ ಖುಷಿ. ಆದರೆ ಟ್ರೆಂಡ್ ತಿಳಿಯಲು ನಾನು ಭಾಷಣ ಕೇಳುವುದಿಲ್ಲ. ಬೇರೆ ಬೇರೆ ಸ್ಟಾಲ್‌ನಲ್ಲಿ ಒಂದೇ ಪ್ರಶ್ನೆ ಮೂರು ಸಲ ಎದುರಾದರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆ ಸಲ ಬರೆದುಕೊಂಡ ಪ್ರಶ್ನೆ: "ವೀಗನ್ ಇದ್ಯಾ?" ಸಿಗಡಿ ಅಲರ್ಜಿಯ ಭಯಕ್ಕೆ, ಪ್ರಾಣಿಮೂಲ ಬೇಡ ಅನ್ನುವವರಿಗೆ, ಶಿಲೀಂಧ್ರದಿಂದಲೂ ಕೈಟೋಸಾನ್ ತೆಗೆಯುತ್ತಾರೆ. ಒಂದು ಕ್ಷಣ ಕೈಕಾಲು ತಣ್ಣಗಾಯಿತು. ಆಮೇಲೆ ಯೋಚಿಸಿದೆ. ಸೌಂದರ್ಯವರ್ಧಕದವರು ಅತ್ತ ಹೋಗಬಹುದು, ಹೋಗಲಿ. ಕೊಳಕು ನೀರು ತಿಳಿ ಮಾಡುವವರಿಗೆ ಸಿಗಡಿಯಾದರೇನು, ಅಣಬೆಯಾದರೇನು? ಅವರಿಗೆ ಬೇಕಾದದ್ದು ರೇಟು. ಅವತ್ತು ಮಧ್ಯಾಹ್ನದಿಂದ ನೀರಿನ ಕಂಪನಿಗಳ ಸ್ಟಾಲ್‌ಗೆ ಮಾತ್ರ ಹೋದೆ.

ಅಂಥ ಒಂದು ಸ್ಟಾಲ್‌ನಲ್ಲಿ ವಯಸ್ಸಾದ ಎಂಜಿನಿಯರ್ ಒಬ್ಬರು ಬಾಟಲಿ ನೋಡಿ ತಲೆ ಆಡಿಸಿದರು. ಆಮೇಲೆ ಕೇಳಿದ್ದು ಒಂದೇ. "ಜುಲೈಯಲ್ಲಿ ಎಲ್ಲಿಂದ ಕೊಡ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ದೋಣಿ ಇಲ್ಲ ಅಂದ್ರೆ ಸಿಪ್ಪೆಯೂ ಇಲ್ಲ. ಇದ್ದಬದ್ದ ಹಳಸಿದ ಸಿಪ್ಪೆಯಲ್ಲಿ ಮಾಡಿದ ಪುಡಿ ಕರಗಿಸಿದರೆ ನೀರುನೀರಾಗಿರುತ್ತದೆ, ಜಿಗುಟು ಇರುವುದಿಲ್ಲ. ಹಿಂದೊಮ್ಮೆ ಒಂದು ಕಂಪನಿ ಸ್ಯಾಂಪಲ್ ಚೆನ್ನಾಗಿದೆ ಅಂತ ಹೊಗಳಿ ಎರಡನೇ ಆರ್ಡರ್ ಕೊಡದೆ ಸುಮ್ಮನಾದದ್ದು ಯಾಕೆ ಅಂತ ಆಗ ಹೊಳೆಯಿತು. ಅವರಿಗೆ ಕಳಿಸಿದ್ದು ಮಳೆಗಾಲದ ಮಾಲು. ತಪ್ಪು ನನ್ನದೇ.

ಊಟದ ಸಾಲು ಕೂಡ ಉಪಯೋಗಕ್ಕೆ ಬಂತು. ಬಯೋಟೆಕ್ ಹೊಸ ಕಂಪನಿಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿರಾಕ್‌ನ 'ಬಿಗ್' ಅನುದಾನ 18 ತಿಂಗಳಿಗೆ 50 ಲಕ್ಷದವರೆಗೆ ಅಂತ ಓದಿದ್ದೆ. ಮುಂದೆ ತಟ್ಟೆ ಹಿಡಿದು ನಿಂತಿದ್ದವರು ಅದಕ್ಕೆ ಅರ್ಜಿ ಹಾಕಿ ಒಮ್ಮೆ ಬಿದ್ದವರು. "ನಿಮ್ಮ ಪ್ರಾಸೆಸ್ ಹಳೇದು. ಹೊಸದೇನು ಅಂತ ಕೇಳಿದಲ್ಲೇ ಬೀಳ್ತೀರಿ" ಅಂದರು. ಬೇಜಾರಾಯ್ತು. ಆದ್ರೆ ಆರು ತಿಂಗಳು ಉಳೀತು.

ಅದೇ ಸಾಲಿನಲ್ಲಿ ಹಿಂದಿನಿಂದ ಒಬ್ಬರು "ಮಲ್ಪೆಯಾ?" ಅಂದರು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ತುಳುವಿನಲ್ಲಿ ಮಾತಾಡಿದ್ದು ಕೇಳಿಸಿತ್ತಂತೆ. ಅವರು ಮಣಿಪಾಲದಲ್ಲಿ ಸಂಶೋಧಕಿ. ಗಾಯದ ಪಟ್ಟಿಯ ಕೆಲಸಕ್ಕೆ ಕೈಟೋಸಾನ್ ಬಳಸುತ್ತಾರೆ, ದೂರದಿಂದ ತರಿಸುತ್ತಾರೆ. ಮಲ್ಪೆಗೂ ಮಣಿಪಾಲಕ್ಕೂ 10-11 ಕಿಲೋಮೀಟರ್. ನಾವು ಭೇಟಿಯಾಗಲು ಘಾಟಿ ಹತ್ತಿ 400 ಕಿಲೋಮೀಟರ್ ಬರಬೇಕಾಯಿತು, ನೋಡಿ!

ವಾಪಸ್ ಬರುವ ಬಸ್ಸಿನಲ್ಲೇ ಏಳು ಜನರಿಗೆ ಮೆಸೇಜ್ ಹಾಕಿದೆ. 'ಭೇಟಿಯಾಗಿ ಸಂತೋಷ' ಅಂತ ಅಲ್ಲ, ಅವರು ಕೇಳಿದ ಪ್ರಶ್ನೆಯನ್ನೇ ಮೊದಲ ಸಾಲಲ್ಲಿ ಬರೆದು. ಮೂವರು ಉತ್ತರಿಸಿದರು. ಎಂಜಿನಿಯರ್‌ಗೆ ಬರೆದದ್ದು ಇಷ್ಟೇ: 'ಜುಲೈ ಮಾಲಿನ ಬಗ್ಗೆ ಮೇ ತಿಂಗಳಲ್ಲಿ ಹೇಳ್ತೇನೆ.'

ಮಣಿಪಾಲದವರು ಪ್ರತಿ ಬ್ಯಾಚಿನ ಜಿಗುಟು ಅಳೆದು ಕೊಟ್ಟರು. ತಾಜಾ ಸಿಪ್ಪೆಯನ್ನು ಅದೇ ದಿನ ತೊಳೆದು, ಗರಿಗರಿಯಾಗುವವರೆಗೆ ಒಣಗಿಸಿಟ್ಟರೆ ತಿಂಗಳ ಮೇಲೂ ಅಳತೆ ಜಾಸ್ತಿ ಇಳಿಯಲಿಲ್ಲ. 2025ರ ಏಪ್ರಿಲ್, ಮೇ ಪೂರ್ತಿ ನಮ್ಮ ತಾರಸಿಯಲ್ಲಿ ಸಿಪ್ಪೆ, ಸುತ್ತ ಕಾಗೆ. ಹಪ್ಪಳ ಒಣಗಿಸಲು ಜಾಗ ಇಲ್ಲ ಅಂತ ಅಮ್ಮ ಮಾತು ಬಿಟ್ಟರು. ಜುಲೈ ಎರಡನೇ ವಾರ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಎಂಜಿನಿಯರ್‌ಗೆ 40 ಕಿಲೋ ಕಳಿಸಿದೆ. ಶೆಡ್‌ನಲ್ಲಿ ಇನ್ನೂ ಮೂರು ಮೂಟೆ ಸಿಪ್ಪೆ ಉಳಿದಿತ್ತು.